ಹತ್ತು ದಿನಕ್ಕೆ ಮಾತ್ರ

ಚೀಟಿಯಲ್ಲಿ ಬರೆದದ್ದು ಹತ್ತು ದಿನಕ್ಕೆ.
ಅಂಬ್ರೋಸನನ್ನು ಮಣ್ಣು ಮಾಡಿ ಬಂದ ವಾರ
ರಾತ್ರಿಯೆಲ್ಲ ಅಡುಗೆಮನೆಯ ನೆಲ ಉಜ್ಜುತ್ತಿದ್ದೆನಂತೆ,
ಪಕ್ಕದ ಮನೆಯವಳು ಹೆದರಿ ಡಾಕ್ಟರನ್ನು ಕರೆತಂದಳು.
ಅವರಿಗೆ ಆಗಲೇ ಎಪ್ಪತ್ತು. ಕನ್ನಡಕ ಹುಡುಕಿ, ಬರೆದುಕೊಟ್ಟರು.
ಆಮೇಲೆ ಡಾಕ್ಟರೂ ಹೋದರು.
ಚೀಟಿ ಬದುಕಿದೆ,
ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿಸಿಕೊಂಡು,
ಇಪ್ಪತ್ತೊಂದು ವರ್ಷ.

ದುರ್ಗಿಗುಡಿಯ ಮೆಡಿಕಲ್ಲಿನ ಗುರುಶಾಂತ
ಈಗ ಅದನ್ನೂ ಕೇಳುವುದಿಲ್ಲ.
ನಾನು ಮೆಟ್ಟಿಲು ಹತ್ತುವುದು ಕಂಡರೆ ಸಾಕು,
ಕೈ ತಾನೇ ಮೂರನೇ ಡ್ರಾಯರಿಗೆ ಹೋಗುತ್ತದೆ.
"ಆಂಟಿ, ನಿಮ್ಮದು" ಎನ್ನುತ್ತಾನೆ,
ನನ್ನದೇ ಕೂಸನ್ನು ತೊಟ್ಟಿಲಿಂದ ಎತ್ತಿ ಕೊಟ್ಟ ಹಾಗೆ.

ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ರಾತ್ರಿಪಾಳಿ ಮಾಡಿದವಳು ನಾನು.
ಶಿವಮೊಗ್ಗ ಮಲಗಿದ ಮೇಲೆ ಶಿವಮೊಗ್ಗವನ್ನು ಹಿಡಿದು ಕೂತವಳು.
ಸಾಗರದಿಂದ ಹೆರಿಗೆ ನೋವು, ತೀರ್ಥಹಳ್ಳಿಯಿಂದ ಸಾವು,
ಹೊಸನಗರದ ಒಬ್ಬ ಸಾಹುಕಾರ, ಕುಡಿದಾಗಲೆಲ್ಲ,
ಯಾವ ನಂಬರೂ ಕೇಳದೆ ಸುಮ್ಮನೆ ಉಸಿರಾಡುತ್ತಿದ್ದ.
ಎಲ್ಲ ನನ್ನ ಕಿವಿ ದಾಟಿಯೇ ಹೋಗಬೇಕು.
ಮೆಗ್ಗಾನ್ ಆಸ್ಪತ್ರೆಯದು, ಪೇಟೆ ಠಾಣೆಯದು,
ಐಸ್ ಕಾರ್ಖಾನೆಯದು, ಪುಸ್ತಕ ತೆರೆದವಳೇ ಅಲ್ಲ.

ಹೋದ ತಪಸ್ಸುಕಾಲದಲ್ಲಿ
ತಂಗಿಯ ನಂಬರು ಮರೆಯಿತು.
ಅದರ ಹಿಂದೆಯೇ, ಒಂದು ಗಳಿಗೆ, ತಂಗಿಯ ಹೆಸರೂ.
ಆಮೇಲೆ ಬಚ್ಚಲಲ್ಲಿ ಬಿದ್ದೆ. ಮಣಿಕಟ್ಟು ಮುರಿಯಿತು.
ಸೊಂಟ ಉಳಿಯಿತಲ್ಲ, ಪ್ರಭು ದೊಡ್ಡವನು ಎಂದರು ಎಲ್ಲ.
ಪಟ್ಟಿ ಹಾಕಿದ ಹುಡುಗಿ ಡಾಕ್ಟರು, ಶಿಕಾರಿಪುರದ ಕಡೆಯವಳು,
ಎಕ್ಸ್‌ರೇಗೂ ಮೊದಲು ನನ್ನ ಚೀಲ ನೋಡಿದಳು.
"ಇದನ್ನ ಎಷ್ಟು ದಿನದಿಂದ ಅಜ್ಜಿ?"
"ಹತ್ತು ದಿನ" ಎಂದೆ.
ಸುಳ್ಳೇನು ಬಂತು? ಚೀಟಿಯಲ್ಲಿ ಹಾಗೇ ಇದೆ.

ಒಮ್ಮೆಗೇ ಬಿಡಬಾರದಂತೆ, ಮೈ ದಂಗೆ ಏಳುತ್ತದಂತೆ.
ಕಾಲು ಭಾಗ ಕತ್ತರಿಸು, ತಿಂಗಳು ಕಾಯಿ,
ಮತ್ತೆ ಕಾಲು.
ಅಂಬ್ರೋಸನ ಶೇವಿಂಗ್ ಡಬ್ಬಿಯಲ್ಲಿ
ಎರಡು ಬ್ಲೇಡು ಉಳಿದಿದ್ದವು, ಎಣ್ಣೆಕಾಗದದೊಳಗೆ,
ತುಕ್ಕು ಹಿಡಿಯದೆ.
ಅವನಿಗೆಂದು ಶುರುವಾದದ್ದನ್ನು
ಅವನ ಬ್ಲೇಡಿನಲ್ಲೇ ಕತ್ತರಿಸಿದೆ,
ಲಟ್ಟಣಿಗೆ ಮಣೆಯ ಮೇಲೆ, ಒಂದೇ ಕೈಯಲ್ಲಿ.
ತುಣುಕೊಂದು ಹಾರಿ ಗ್ಯಾಸ್ ಕಟ್ಟೆಯಡಿ ಸೇರಿತು.
ಬಗ್ಗಿ ಹುಡುಕಿದೆ, ಅರ್ಧ ಗಂಟೆ, ಕಳ್ಳಿಯ ಹಾಗೆ.

ಮುಕ್ಕಾಲಿಗೆ ಇಳಿದ ವಾರ
ರಾತ್ರಿಗಳು ವಾಪಸು ಬಂದವು
ಬಾಕಿ ವಸೂಲಿಗೆ ಬಂದವರಂತೆ ಬಾಗಿಲಲ್ಲಿ ಸಾಲಾಗಿ.
ಎದೆ ಹೊಡೆತ. ಅಂಗೈ ಬೆವರು.
ಎರಡೂವರೆಗೆ ಗೋಪಿ ಸರ್ಕಲ್ಲಿನ ಕಡೆಯಿಂದ ಒಂಟಿ ಬೈಕು,
ಆಮೇಲೆ ಬಹಳ ಹೊತ್ತು
ಫ್ರಿಜ್ಜು ಮಾತ್ರ ನನ್ನ ಜೊತೆ.

ಅರ್ಧಕ್ಕೆ ಇಳಿದ ವಾರ ಕನಸು ಬಿತ್ತು.
ಇಷ್ಟು ವರ್ಷದಲ್ಲಿ ಒಂದೂ ಬಿದ್ದ ನೆನಪಿಲ್ಲ ನೋಡಿ,
ಗುಳಿಗೆಯ ನಿದ್ದೆ ಅಂದರೆ
ಎಲ್ಲ ತಂತಿ ಕಿತ್ತಿಟ್ಟ ಬೋರ್ಡು.
ಆ ಬೋರ್ಡಿನ ಮೇಲೆ ಒಂದು ದೀಪ ಹತ್ತಿತು,
ಭದ್ರಾವತಿಯ ಲೈನು.
ಪ್ಲಗ್ಗು ಚುಚ್ಚಿ "ನಂಬರ್ ಪ್ಲೀಸ್" ಎಂದೆ.
"ಸೆವ್ರಿನ್, ಪಾಳಿ ಮುಗೀತು. ಊಟಕ್ಕೆ ಏನಿದೆ?"
ಎದ್ದು ಕೂತು ಅತ್ತುಬಿಟ್ಟೆ,
ಮೊನ್ನೆ ಸತ್ತವನಿಗೆ ಅಳುವ ಹಾಗೆ,
ಸೆರಗು ಕಚ್ಚಿ, ಮೂಗು ಸೀಟಿ, ಹೊಟ್ಟೆಯಿಂದ.
ಹತ್ತು ದಿನದಲ್ಲಿ ಮುಗಿಯಬೇಕಿದ್ದ ಅಳು
ಮೂರನೇ ಡ್ರಾಯರಿನಲ್ಲೇ ಇತ್ತು, ಕೆಡದೆ.

ಈಗ ಎಂಟರಲ್ಲೊಂದು ಪಾಲು.
ಅಕ್ಕಿನುಚ್ಚಿಗಿಂತ ಚಿಕ್ಕದು.
"ಬಿಡಿ ಅಜ್ಜಿ, ಅದರಲ್ಲಿ ಏನೂ ಉಳಿದಿಲ್ಲ" ಎನ್ನುತ್ತಾಳೆ ಹುಡುಗಿ.
ಬಿಟ್ಟೆ ಎಂದು ಹೇಳಿಯೂ ಆಗಿದೆ.
ತಂಗಿಯ ನಂಬರು ಮರಳಿದೆ, ಕೊನೆಯ ಎರಡಂಕಿ ಬಿಟ್ಟು.
ಹತ್ತು ಗಂಟೆಗೆ ಬ್ಲೇಡು ತೊಳೆದು ಒರೆಸಿ
ಮಣೆಯ ಮೇಲೆ ಉಳಿದ ಪುಡಿಗೆ
ಬೆರಳು ಒತ್ತಿ
ನಾಲಿಗೆಗೆ.

ಆಮೇಲೆ ದೀಪ ಆರಿಸಿ, ಲೈನಿನಲ್ಲಿ ಕಾಯುತ್ತೇನೆ.