ಲೈನ್ ಕ್ಲಿಯರ್

ಮೂವತ್ತೊಂದು ವರ್ಷ ನನ್ನ ಕೆಲಸ ಇಷ್ಟ:
ಕರೆಂಟು ಮತ್ತ ಮನಷ್ಯಾರ ಮೈ
ಒಂದಕ್ಕೊಂದು ಮುಟ್ಟದಂಗ ನೋಡಕೊಳ್ಳೂದು.

ಕಂಬ ಹತ್ತೂಕಿಂತ ಮೊದಲ ಸಬ್‌ಸ್ಟೇಷನ್ನಿಗೆ ಫೋನು.
ಆ ಕಡೆಯಿಂದ ನಂಬರು, ಈ ಕಡೆ ವಹಿಯೊಳಗ ಸಹಿ.
ಲೈನ್ ಕ್ಲಿಯರ್ ಅಂದ ಮ್ಯಾಲೂ ಸರಪಳಿ ಒಗೆದು
ಬೆರಳಿನ ಬೆನ್ನಲೆ ಒಮ್ಮೆ ತಂತಿ ಮುಟ್ಟಿ ನೋಡಾಂವ ನಾನು.
ಬೆನ್ನಲೆ ಯಾಕಂದ್ರ,
ಒಳಗೈ ಮುಟ್ಟಿದ್ರ ಅದು ಮುಷ್ಟಿ ಕಟ್ಟಸತೈತಿ,
ಬಿಡಂದ್ರ ಬಿಡಾಕಾಗೂದಿಲ್ಲ.
ಇದನ್ನ ಕಲಿಸಿದಾಂವ ದ್ಯಾಮಣ್ಣ.
ಶೆರೇವಾಡದ ಹಾದಿಯೊಳಗ ಒಂದ ಒಂದು ದಿವಸ
ಸಹಿ ಬರೂದ್ರಾಗ ಕಂಬ ಹತ್ತಿದ.

ಮನಿಯೊಳಗೂ ಅದ ಚಾಳಿ.
ಫಕೀರವ್ವಗ ಹಸಿ ಕೈಲೆ ಸ್ವಿಚ್ಚು ಮುಟ್ಟಗೊಟ್ಟಿಲ್ಲ.
ಮಿಕ್ಸರಿನ ವೈರು ಸೀಳಿದ್ರ ಆವತ್ತು ಒಳಕಲ್ಲ ಗತಿ.
"ಕರೆಂಟು ಏನು ನಿಮ್ಮ ಸವತಿ ಮಗನ?"
ಅಂತ ನಗತಿದ್ಳು.

ಮೂರನೇ ಕಿಮೋ ಆದ ಮ್ಯಾಲ ನಗಲಿಲ್ಲ.
ಚಿಗರಿ ಬಸ್ಸಿನ ತಂಪಿನ್ಯಾಗ ಚೀಲ ಬಾಯಿಗೆ ಹಿಡದು
ನವನಗರದಿಂದ ಉಣಕಲ್ ಬರೂದ್ರಾಗ ನಾಕು ಸಲ.
ಒಗ್ಗರಣಿ ವಾಸನಿ ಬ್ಯಾಡ, ಊದಿನಕಡ್ಡಿ ಬ್ಯಾಡ,
ಬಾಜೂಮನಿ ರೊಟ್ಟಿ ಬಡಿಯೂ ಸಪ್ಪಳಕ್ಕೂ ಹೊಟ್ಟಿ ತೊಳಸೂದು.
ಸೂಜಿ ಕಂಡ್ರ ಮುಗೀತು,
ಚುಚ್ಚೂಕಿಂತ ಮೊದಲ ವಾಂತಿ.

"ಸೂಜಿ ಇಲ್ಲದ್ದು ಒಂದೈತಿ" ಅಂದ್ಳು
ಫಿಜಿಯೋಥೆರಪಿ ಖೋಲಿಯ ಬಿಲ್ಕಿಸ್ ಮೇಡಂ.
"ಗುಳಿಗಿ ಬಿಡೂದಲ್ಲ ಮತ್ತ. ಇದು ಅದರ ಜೋಡಿ.
ಕೆಲವ್ರಿಗೆ ಹತ್ತತೈತಿ, ಕೆಲವ್ರಿಗೆ ಇಲ್ಲ."
ಮುಂಗೈ ತಿರುವಿ, ಮಣಿಕಟ್ಟಿನ ಗೆರಿಯಿಂದ ಮೂರು ಬೆರಳು ಅಳದ್ಳು.
ಫಕೀರವ್ವನ ಬೆರಳ, ನನ್ನವು ನಡಿಯೂದಿಲ್ಲಂತ.
ಎರಡು ಹುರಿ ನಡುವಿನ ತಗ್ಗಿನ್ಯಾಗ ಪೆನ್ನಿಲೆ ಚುಕ್ಕಿ.
ಚೀನಾದವ್ರು ಹಿಂದ ಎಂದೋ ಗುರುತು ಮಾಡಿಟ್ಟ ಬಾಗಲಂತ ಅದು.
ಚುಕ್ಕಿ ಮ್ಯಾಲ ಅಂಟಿನ ಪಟ್ಟಿ,
ಪಟ್ಟಿಗೆ ವೈರು, ವೈರಿಗೆ ಸುಣ್ಣದ ಡಬ್ಬಿಯಷ್ಟು ಮಿಷಿನ್ನು.
ನಾ ನೋಡಿದ್ದು ವೈರು ಅಷ್ಟ.
ಒಂದು ಕೆಂಪು, ಒಂದು ಕರಿ.

"ಮನಿಯಾಗ ನೀವ ತಿರುವಬೇಕು ಕಾಕಾ."
"ಎಷ್ಟು ವೋಲ್ಟು?"
"ಒಂಬತ್ತು. ಬ್ಯಾಟರಿ."
ಹನ್ನೊಂದು ಸಾವಿರದ ಕೆಳಗ ಕುಂತು ಬುತ್ತಿ ಉಂಡಾಂವ
ಒಂಬತ್ತಕ್ಕ ಬೆವತೆ.

ಗೋಪನಕೊಪ್ಪ, ರಾತ್ರಿ ಒಂಬತ್ತೂವರಿ.
ಮೊದಲ ನನ್ನ ಕೈಗೇ ಹಚಗೊಂಡೆ.
ಐದಕ್ಕ ಏನಿಲ್ಲ, ಆರಕ್ಕ ಏನಿಲ್ಲ;
ಸುಟ್ಟು ಜಡ್ಡುಗಟ್ಟಿದ ಚರ್ಮ ಏನ ಹೇಳೀತು?
ಎಂಟಕ್ಕ ಹೌಹಾರಿ ಕಿತ್ತೊಗದೆ.
"ನನ್ನ ಕೈ ನನಗ ಕೊಡ್ರಿ" ಅಂದ್ಳು ಆಕಿ,
ಹಾಸಿಗ್ಯಾಗಿಂದ, ಮುಂಗೈ ಚಾಚಿ.

ಒಂದು.
ಎರಡು.
ಮೂರಕ್ಕ, "ಇರುವಿ ಹರದಂಗ."
"ಎಂಥ ಇರುವಿ? ಕೆಂಪೋ, ಕರಿಯೋ?"
"ಕರಿವು. ಸಕ್ಕರಿ ಹುಡುಕ್ಯಾಡಾಕ ಬಂದಾವು."
ನಡುಬೆರಳು ಸಣ್ಣಗ ಮಿಡೀತು,
ನನ್ನ ಜೀವ ಶೆರೇವಾಡದ ಕಂಬದ ಮ್ಯಾಲ.
ಮುಷ್ಟಿ ಕಟ್ಟಲಿಲ್ಲ.
ಅಂಗೈ ತೆರದ ಇತ್ತು,
ಇಟಗೋಬಹುದು, ಬಿಡಬಹುದು ಅನ್ನೂವಂಗ.

ಅಷ್ಟರಾಗ ಓಣಿ ಲೈಟು ಹೋದವು.
ಕತ್ತಲಿಯಾಗ ಮಿಷಿನ್ನಿನ ಹಸರು ಕಣ್ಣು ಒಂದ.
"ನಿಮ್ಮ ಆಫೀಸಿನವ್ರು ತಗದ್ರೂ ಇದು ಹೋಗೂದಿಲ್ಲಲ್ಲ!"
ಅಂದ್ಳು. ನಕ್ಕಳೋ ಇಲ್ಲೋ ಕಾಣಲಿಲ್ಲ.

ಅರ್ಧಾ ತಾಸಿನ ಮ್ಯಾಲ ಒಂದು ಹಿಡಿ ಚುರಮರಿ ತಿಂದ್ಳು.
ಬೆಳತನಕ ಒಳಗ ನಿಂತವು.
ಮಿಷಿನ್ನೋ, ಗುಳಿಗಿಯೋ,
ಬರೇ ಯಾರೋ ಅರ್ಧಾ ತಾಸು ಕೈ ಹಿಡದದ್ದೋ, ನನಗೇನು ಗೊತ್ತು.
ಮರುದಿನ ಮಧ್ಯಾಹ್ನ ಮತ್ತ ವಾಂತಿ. ಒಂದ ಸಲ.

ಹಳೇ ವಹಿಯೊಳಗ ಖಾಲಿ ಹಾಳಿ ಉಳದಿದ್ವು.
ತಾರೀಖು, ಟೈಮು, ಎಷ್ಟಕ್ಕ ತಿರುವಿದ್ದು, ಬರದೆ.
ಕೊಟ್ಟವರು ಅನ್ನೂ ಕಡೆ ನನ್ನ ಹೆಸರು.
ತಗೊಂಡವರು ಅನ್ನೂ ಕಡೆ
ಚುಕ್ಕಿ ಇನ್ನೂ ಅಳಿಸಿರದ ಕೈಲೆ
ಆಕೀನ ಸಹಿ, ಸೊಟ್ಟಗ.
ಅದಿಲ್ಲದ ನಾ ತಿರುವಾಂವಲ್ಲ.