ಮೂರನೇ ಕೂಗು

ಕುಶಾಲನಗರದ ಸರ್ಕಾರಿ ಆಸ್ಪತ್ರೆ, ಚೀಟಿ ಕೌಂಟರು.
ಕಿಂಡಿಯ ಈಚೆ ನಾನು, ಆಚೆ ಊರು.
ಹತ್ತೊಂಬತ್ತು ವರ್ಷದಿಂದ ಕೇಳುವುದು ಒಂದೇ:
ಹೆಸರೇನು?

'ತೆನ್ಸಿನ್' ಎಂದು ಕೂಗಿದರೆ
ಬೆಂಚಿಗೆ ಬೆಂಚೇ ಏಳುತ್ತದೆ.
ಜಪಮಣಿ ಎಣಿಸುತ್ತಿದ್ದ ಮುದುಕ,
ದವಡೆ ಹಿಡಿದು ಕೂತ ಕಾಲೇಜು ಹುಡುಗಿ,
ಅಮ್ಮನ ಬೆನ್ನಲ್ಲಿ ಮಲಗಿದ್ದ ಕೂಸೂ ಕಣ್ಣು ಬಿಡುತ್ತದೆ.
ಗಂಡೋ ಹೆಣ್ಣೋ, ಆ ಹೆಸರು ಬಾಯಿ ಬಿಡುವುದಿಲ್ಲ.
ಗುರುವಿನ ಹೆಸರಿನಿಂದ ಮುರಿದು ಹಂಚಿದ ಚೂರಂತೆ,
ಪ್ರಸಾದದ ಹಾಗೆ, ಎಲ್ಲರ ಅಂಗೈಗೂ ಒಂದೊಂದು.
ನಾನು ಪಕ್ಕದಲ್ಲಿ ಕ್ಯಾಂಪಿನ ನಂಬರು ಬರೆದು ಅಡ್ಡಗೆರೆ ಎಳೆಯುತ್ತೇನೆ.

ಮಹಮ್ಮದರು ತಮ್ಮ ಲೆಕ್ಕ ತಾವೇ ಬಗೆಹರಿಸುತ್ತಾರೆ:
'ಮೀನಿನವನಾ, ಗುಜರಿಯವನಾ, ಮೆಣಸಿನವನಾ ಅಕ್ಕಾ?'
ಮೆಣಸಿನವನು ಈಗ ಮೆಣಸು ಬಿಟ್ಟು ಆಟೋ ಓಡಿಸುತ್ತಾನೆ,
ಹೆಸರಿನ ಘಾಟು ಮಾತ್ರ ಹೋಗಿಲ್ಲ.
ಸುಂಟಿಕೊಪ್ಪದಿಂದ ಬರುವ ಅಕ್ಕತಂಗಿಯರು ಮೂವರೂ ಮೇರಿ:
ಮೇರಿ ಜೆಸಿಂತ, ಮೇರಿ ಫ್ಲೋರಿನ್, ಬರೀ ಮೇರಿ.
ಬರೀ ಮೇರಿಗೆ ಅದೊಂದು ಬೇಸರ,
ಬಿ.ಪಿ.ಗಿಂತ ಹಳೆಯದು.

ನಮ್ಮವರು ಹೆಸರಿಗಿಂತ ಮೊದಲು ಒಕ್ಕ ಹೇಳುತ್ತಾರೆ,
ಹೊಸ್ತಿಲು ಮುಟ್ಟಿಯೇ ಒಳಗೆ ಬರುವವರಂತೆ.
ಒಳಗಿರುವುದು ಅದೇ ಏಳೆಂಟು ಹೆಸರು,
ತಾತನ ಸೊಂಟದಿಂದ ಮೊಮ್ಮಗನ ಸೊಂಟಕ್ಕೆ
ಪೀಚೆಕತ್ತಿ ಕೈ ಬದಲಿಸಿದ ಹಾಗೆ.
ನನ್ನದು ದೇಚವ್ವ.
ಅಜ್ಜಿ ಸತ್ತ ವರ್ಷ ಹುಟ್ಟಿದ ತಪ್ಪಿಗೆ.
ಆರನೇ ಕ್ಲಾಸಿನಲ್ಲಿ, ದೀಕ್ಷಾ ಎಂದು ಬರೆಸಿ ಅಂತ
ಒಂದು ಇಡೀ ಭಾನುವಾರ ಊಟ ಬಿಟ್ಟಿದ್ದೆ.
ಅಪ್ಪ ಹೇಳಿದ್ದಿಷ್ಟೇ: 'ನಿನ್ನದಲ್ಲ ಅದು, ಬದಲಿಸೋಕೆ.'

ಇನ್ನು ಲಕ್ಷ್ಮಿ.
ಯಾವ ತೋಟದ ಲೈನ್‌ಮನೆಯ ಬಾಗಿಲು ತಟ್ಟಿದರೂ ಒಬ್ಬಳು.
ನನ್ನ ರಿಜಿಸ್ಟರಿನಲ್ಲಿ ಪುಟಕ್ಕೆ ಐದು,
ಸೋಮವಾರ ಏಳು.

ಅದು ಕಾಫಿ ಕೊಯ್ಲಿನ ಜನವರಿ.
'ಲಕ್ಷ್ಮೀ' ಎಂದೆ. ಇಬ್ಬರು ಎದ್ದರು,
ಇಪ್ಪತ್ತೆರಡು ವರ್ಷ ಎಂದಾಗ ನಕ್ಕು ಕೂತರು.
ಎರಡನೇ ಸಲ ಕೂಗಿದೆ. ಫ್ಯಾನು ಮಾತ್ರ ತಿರುಗಿತು.
ಕಿಟಕಿ ಪಕ್ಕದ ಹುಡುಗಿ, ಅಂಗೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ,
ಹೊರಗೆ ಬಸ್ಸು ತಿರುಗುವುದನ್ನು ನೋಡುತ್ತಿದ್ದಳು
ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ.
ಮೂರನೇ ಕೂಗಿಗೆ ಪಕ್ಕದವಳು ತಿವಿದಳು:
'ಏ, ನೀನೇ.'

ಅರ್ಧ ಹಿಂದಿ, ಕಾಲು ಕನ್ನಡ, ಉಳಿದದ್ದು ಕೈಸನ್ನೆ.
ರೈಟರಿಗೆ ಇವಳ ಹೆಸರಿಗೆ ನಾಲಿಗೆ ತಿರುಗಲಿಲ್ಲವಂತೆ.
ಬಿಟ್ಟುಹೋದವಳೊಬ್ಬಳ ಹಾಜರಿ ಕಾರ್ಡು ಖಾಲಿ ಇತ್ತಂತೆ,
ಕಾರ್ಡಿನಲ್ಲಿ ಲಕ್ಷ್ಮಿ ಇದ್ದಳಂತೆ.
ಶನಿವಾರದ ಬಟವಾಡೆಗೆ ಇವಳು ಲಕ್ಷ್ಮಿಯ ಹೆಬ್ಬೆಟ್ಟು.

'ನಿಜವಾದ ಹೆಸರು?'
ಹಿಂದೆ ಮುಂದೆ ನೋಡಿ, ಕಿಂಡಿಗೆ ಬಾಯಿಟ್ಟು
'ಫುಲ್ಮೋನಿ' ಎಂದಳು.
ಚೆಂದದ ಹೆಸರು, ಎಲ್ಲೂ ಕೇಳಿಲ್ಲ, ಎಂದೆ.
ಹೊಗಳಿದೆನೆಂದೇ ತಿಳಿದಿದ್ದೆ.
ಅವಳ ಮುಖ ಸಣ್ಣಗಾಯಿತು.
'ನಮ್ಮ ಚಹಾ ತೋಟದಲ್ಲಿ ಸಾಲಿಗೆ ನಾಲ್ಕು ಜನ ದೀದಿ,
ಫುಲ್ಮೋನೀ ಅಂದರೆ ಎಲ್ಲ ಬುಟ್ಟಿಯೂ ತಿರುಗುತ್ತೆ.
ಇಲ್ಲಿ ನಾನೊಬ್ಬಳೇ.'

ಚೀಟಿ ಲಕ್ಷ್ಮಿಯ ಹೆಸರಿನಲ್ಲೇ ಉಳಿಯಿತು,
ತೋಟದವರು ಕಾಸು ಕೊಡಬೇಕಲ್ಲ.
ಟಿ.ಟಿ. ಇಂಜೆಕ್ಷನ್ನೂ ಲಕ್ಷ್ಮಿಗೇ, ಆರು ಹೊಲಿಗೆಯೂ ಅವಳಿಗೇ.
ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ
ನಾಲ್ಕಕ್ಷರ ಬರೆದಿಟ್ಟೆ,
ಆಡಿಟ್ಟಿನವರಿಗೆ ಕಾಣದಷ್ಟು ಸಣ್ಣಗೆ.

ಎಂಟು ದಿನದ ಮೇಲೆ ಹೊಲಿಗೆ ಬಿಚ್ಚಿಸಲು ಬಂದಳು.
ಗಂಟಲು ಸರಿಮಾಡಿಕೊಂಡು
'ಫುಲ್ಮೋನೀ' ಎಂದು ಕೂಗಿದೆ, ಹಾಲ್ ತುಂಬುವ ಹಾಗೆ.
ತೆನ್ಸಿನ್‌ಗಳು ಏಳಲಿಲ್ಲ. ಮೇರಿ, ಮಹಮ್ಮದ್,
ಆ ದಿನದ ಮೂವರು ಲಕ್ಷ್ಮಿಯರು, ಯಾರೂ.
ಅವಳೂ ಕೂಡಲೇ ಏಳಲಿಲ್ಲ.
ಬೆಂಚಿನಿಂದ ಬೆಂಚಿಗೆ, ಬಾಗಿಲ ತನಕ
ನಿಧಾನವಾಗಿ ನೋಡಿದಳು,
ಇನ್ನೊಬ್ಬಳು ಎಲ್ಲಾದರೂ ಏಳುತ್ತಾಳೇನೋ ಎಂದು.