ಸ್ಟ್ರೇಮುರ್ ಎಲ್ಲಿದೆ

ಕ್ಲಾಕ್ಸ್‌ವೀಕ್ ಬಂದರಿನ ಕಚೇರಿ. ಮುಂಜಾವ ನಾಲ್ಕು.
ಪ್ರಿಂಟರ್ ತಾನಾಗಿ ಎದ್ದು
ಇವತ್ತಿನ ಸೆಳವುಗಳ ಪಟ್ಟಿ ಉಗುಳಿತು,
ಆರು ನಿಮಿಷ ತಪ್ಪಾಗಿ.
ದೊಡ್ಡ ಹಡಗಿಗೆ ಆರು ನಿಮಿಷ ಲೆಕ್ಕಕ್ಕಿಲ್ಲ.
ಪುಟ್ಟ ದೋಣಿಯ ತುಮ್ಮಸ್‌ಗೆ ಅದೇ ಲೆಕ್ಕ.

ಸ್ಟ್ರೇಮುರ್ ಬರೆದವನು ಹಾನುಸ್. ನಿವೃತ್ತನಾಗಿ
ನೋಲ್ಸೊಯ್‌ನಲ್ಲಿ ಕುರಿ ಎಣಿಸುತ್ತಾನೆ,
ಫೋನ್ ಎತ್ತುವುದಿಲ್ಲ.

ಸುನ್ನಿವಾ ಕಪ್ಪು ಪರದೆಯನ್ನು ಕೇಳಿದಳು:
ವಿಚ್ ಸ್ಟ್ರೇಮುರ್?
ಇಲ್ಲ ಎಂದೂ ಅನ್ನಲಿಲ್ಲ;
ಕರ್ಸರ್ ಸುಮ್ಮನೆ ಕಣ್ಣು ಪಿಳುಕಿಸಿತು.
ಪಾಪ, ಅದಕ್ಕೆ ಗೊತ್ತಿರುವುದು ಆರೇಳು ಓಣಿ,
ಅಲ್ಲಷ್ಟೇ ಬಾಗಿಲು ತಟ್ಟಿ ಬರುತ್ತದೆ.

ವೇರ್‌ಈಸ್, ಹೆಸರನ್ನೇ ತಿರುಗಿ ಹೇಳಿ
ಮುಂದೆರಡು ಚುಕ್ಕಿಯಿಟ್ಟು ನಿಂತುಬಿಟ್ಟಿತು,
ತುಂಬಿದ ಸಭೆಯಲ್ಲಿ ಮಾತು ಮರೆತವನ ಹಾಗೆ.

ಲೊಕೇಟ್ ಚುರುಕು. ತಟ್ಟನೆ ವಿಳಾಸ ಕೊಟ್ಟಿತು.
ಹೋಗಿ ನೋಡಿದರೆ ಮನೆ ಖಾಲಿ:
ಅದರ ಕೈಲಿರುವುದು
ಯಾರೂ ತಿದ್ದದ ಹಳೆಯ ಜನಗಣತಿ.

ಕೊನೆಗೆ ಫೈಂಡ್. ಬುಡದಿಂದಲೇ ಶುರು.
ಒಂದೊಂದೇ ಕೋಣೆ, ಒಂದೊಂದೇ ಕಪಾಟು,
ಹೋದಹೋದಲ್ಲಿ ‘ಅನುಮತಿಯಿಲ್ಲ’ ಅನ್ನಿಸಿಕೊಂಡು,
ಆದರೂ ಮುಂದಿನ ಬಾಗಿಲಿಗೆ.
ಅವಳು ಕಾಫಿ ಬಿಸಿ ಮಾಡಿ ಬಂದಳು. ಕುಡಿದಳು.
ಲೋಟ ತೊಳೆದಿಟ್ಟಳು.

ಆಮೇಲೆ ಒಂದೇ ಒಂದು ಸಾಲು:
ಹಾನುಸನ ಹೆಸರಿನ ಕೆಳಗೆ, ಚುಕ್ಕಿಯ ಮರೆಯಲ್ಲಿ,
‘ತಾತ್ಕಾಲಿಕ’ ಎಂಬ ಫೋಲ್ಡರು.
ಒಂಬತ್ತು ವರ್ಷದಿಂದ ತಾತ್ಕಾಲಿಕ.

ತೆರೆದಳು. ಮೊದಲಿಗೇ ಅವನ ಟಿಪ್ಪಣಿ:
‘ಹೂಳೆತ್ತಿದರೆ ಈ ಅಂಕಿ ಬದಲಿಸಿ. ಮರೀಬೇಡಿ.’

ಕಿಟಕಿಯಾಚೆ ಹೂಳೆತ್ತುವ ಯಂತ್ರ,
ಹಳದಿ ದೀಪ ಉರಿಸಿಕೊಂಡು,
ಕಳೆದ ವಾರದಿಂದ ಅಲ್ಲೇ ನಿಂತಿತ್ತು.